ಗಿರಿರಾಜನನ್ನು ನಾಟಿ ಕೋಳಿಗಳ ಜೊತೆ ಬಿಡುವ ಮುಂಚೆ

ನಮ್ಮ ಹಿತ್ತಲಿಗೆ ಮೊದಲ ಸಲ ಗಿರಿರಾಜ ಕೋಳಿ ಬಂದಾಗ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಎರಡೂವರೆ ತಿಂಗಳ ಆರು ಹೇಂಟೆಗಳನ್ನು ತಂದು, ಬುಟ್ಟಿ ಬಿಚ್ಚಿ, ನೇರವಾಗಿ ನಾಟಿ ಕೋಳಿಗಳ ಮಧ್ಯೆ ಬಿಟ್ಟೆ. ಎರಡು ದಿನ ಕುಕ್ಕಾಟ, ಅಟ್ಟಾಟ ನಡೆಯಿತು. ಮೂರನೇ ದಿನ ಎಲ್ಲ ತಣ್ಣಗಾಯಿತು. ಹೊಂದಿಕೊಂಡವು ಅಂದುಕೊಂಡೆ. ಹತ್ತನೇ ದಿನ ಬೆಳಗ್ಗೆ ಒಂದು ಕೋಳಿ ಗೂಡಿನ ಮೂಲೆಯಲ್ಲಿ ಸತ್ತಿತ್ತು. ಎತ್ತಿ ನೋಡಿದರೆ ಮೈಮೇಲೆ ಒಂದು ಗಾಯವೂ ಇಲ್ಲ. ಎದೆಯ ಮೂಳೆ ಮಾತ್ರ ಕತ್ತಿಯ ಹಾಗೆ ಕೈಗೆ ತಾಗಿತು. ಅದು ಹಸಿದು ಸತ್ತಿತ್ತು. ದಿನಾ ಎರಡು ಹೊತ್ತು ನಾನೇ ಕಾಳು ಎರಚುತ್ತಿದ್ದ ಅಂಗಳದಲ್ಲಿ.

ಅವತ್ತು ನನಗೆ ಅರ್ಥವಾದದ್ದು ಇಷ್ಟು. ಜಗಳಗಂಟ ಕೋಳಿಗೆ ತೊಂದರೆಯಾದರೆ ಊರಿಗೆಲ್ಲ ಕೇಳಿಸುತ್ತದೆ. ಸಾಧು ಕೋಳಿ ತಿರುಗಿ ಬೀಳುವುದಿಲ್ಲ, ಕೂಗುವುದಿಲ್ಲ. ಸುಮ್ನೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಬೇರೆಯವು ತಿಂದು ಮುಗಿಸುವ ತನಕ ಕಾಯುತ್ತದೆ. ಅಷ್ಟರಲ್ಲಿ ನೆಲದಲ್ಲಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಹೊಸ ಕೋಳಿ ಬಿಟ್ಟವರು ಜಗಳ ಕಾಯುವುದಕ್ಕಿಂತ ಅದರ ಹೊಟ್ಟೆ ಕಾಯಬೇಕು.

ಗಿರಿರಾಜದ ಸ್ವಭಾವವೇ ಹಾಗೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬೆಳೆಸಿ, ಹಿತ್ತಲಲ್ಲಿ ಸಾಕಲಿ ಎಂದೇ ಕೊಟ್ಟ ತಳಿ ಅದು. ನಾಟಿ ಕೋಳಿಯ ಹಾಗೆ ಬಣ್ಣಬಣ್ಣದ ಗರಿ, ಆದರೆ ಮೈ ಭಾರ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದು ನೂರಮೂವತ್ತರ ಮೇಲೆ ಇಡುತ್ತದೆ. ಮಕ್ಕಳು ಎತ್ತಿಕೊಂಡರೆ ಕೈಯಲ್ಲಿ ಸುಮ್ಮನೆ ಕೂರುತ್ತದೆ. ನನ್ನ ಮೊಮ್ಮಗಳು ಒಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಂಗಳ ಸುತ್ತುತ್ತಾಳೆ. ಆದರೆ ನಾಟಿ ಕೋಳಿಯ ಚುರುಕು ಇದಕ್ಕಿಲ್ಲ. ಮಾವಿನ ಕೊಂಬೆಗೆ ಹಾರಲಾರದು, ಕಾವಿಗೆ ಕೂರುವುದು ಅಪರೂಪ. ನಾಟಿ ಕೋಳಿ ಹತ್ತು ಕಾಳು ಹೆಕ್ಕುವಷ್ಟರಲ್ಲಿ ಇದು ನಾಲ್ಕು ಹೆಕ್ಕಿರುತ್ತದೆ.

ತರುವಾಗ ಒಂಟಿಯಾಗಿ ತರಬೇಡಿ. ಒಂದೇ ಒಂದು ಹೊಸ ಕೋಳಿ ಸಿಕ್ಕರೆ ಹಳೆಯ ಗುಂಪಿನ ಸಿಟ್ಟೆಲ್ಲ ಅದರ ತಲೆಯ ಮೇಲೆಯೇ. ಕಡಿಮೆಯೆಂದರೆ ಮೂರು, ಸಾಧ್ಯವಾದರೆ ನಾಲ್ಕೈದು ತನ್ನಿ. ಎಂಟು ಹತ್ತು ವಾರದವಾದರೆ ಒಳ್ಳೆಯದು, ಗರಿ ಪೂರ್ತಿ ಬಂದಿರುತ್ತದೆ, ಬಲ್ಬಿನ ಕಾವು ಬೇಕಿಲ್ಲ. ತಂದ ಕಾಲವೂ ಮುಖ್ಯ. ದೀಪಾವಳಿಯಿಂದ ಸಂಕ್ರಾಂತಿಯ ತನಕ ನನಗೆ ಇಷ್ಟವಾದ ಸಮಯ. ಏಪ್ರಿಲ್ ಬಿಸಿಲಲ್ಲಿ ಭಾರದ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ. ಆಗ ಹೊಸ ಜಾಗದ ಹೆದರಿಕೆಯೂ ಸೇರಿದರೆ ತಡೆಯುವುದಿಲ್ಲ.

ತಂದ ಮೇಲೆ ಮೂರು ವಾರ ಬೇರೆ ಇಡಿ. ಮೂರು ವಾರ ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಒಂದು ಸಲ ಕೊಕ್ಕರೆ ರೋಗ ನೋಡಿದವರು ಹಾಗೆ ಅನ್ನುವುದಿಲ್ಲ. ಹಸಿರು ಹಿಕ್ಕೆ, ತಿರುಚಿದ ಕತ್ತು, ಉಸಿರಾಡಲು ಒದ್ದಾಟ. ನಾಲ್ಕೇ ದಿನದಲ್ಲಿ ಗೂಡು ಖಾಲಿ. ಹೊಸ ಕೋಳಿಗಳನ್ನು ಮನೆಯ ಇನ್ನೊಂದು ಮಗ್ಗುಲಲ್ಲಿ, ಹಳೆಯವು ಸುಳಿಯದ ಕಡೆ ಇಡಿ. ನೀರಿನ ಬಟ್ಟಲು, ಮೇವಿನ ತಟ್ಟೆ ಎಲ್ಲ ಬೇರೆ. ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ, ಆಮೇಲೆ ಹೊಸವುಗಳ ಹತ್ತಿರ ಹೋಗಿ, ಬಂದು ಕೈಕಾಲು ತೊಳೆಯಿರಿ. ಈ ಕ್ರಮ ಹಿಂದುಮುಂದು ಆಗಬಾರದು.

ಕೊಕ್ಕರೆ ರೋಗದ ಲಸಿಕೆ ಆಗಿದೆಯಾ ಎಂದು ಮಾರುವವರನ್ನು ಬಿಡಿಸಿ ಕೇಳಿ. ಮರಿಯಾಗಿದ್ದಾಗ ಕಣ್ಣಿಗೋ ಮೂಗಿಗೋ ಬಿಡುವ ಹನಿ ಒಂದು, ಎಂಟು ವಾರದ ಹೊತ್ತಿಗೆ ಚುಚ್ಚುವ ಆರ್ ಟು ಬಿ ಎನ್ನುವ ಲಸಿಕೆ ಇನ್ನೊಂದು. ಹೊಸವಕ್ಕೆ ಮಾತ್ರ ಹಾಕಿಸಿ ಹಳೆಯವನ್ನು ಬಿಡಬೇಡಿ. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಇಟ್ಟುಕೊಳ್ಳಲು ಬರುವುದಿಲ್ಲ. ಹಾಗಾಗಿ ನಮ್ಮ ಕೇರಿಯಲ್ಲಿ ಐದಾರು ಮನೆಯವರು ಸೇರಿ ಒಂದೇ ದಿನ ಹಾಕಿಸುತ್ತೇವೆ. ಪಶು ಆಸ್ಪತ್ರೆಯಿಂದ ಐಸಿನ ಡಬ್ಬಿಯಲ್ಲಿ ತಂದು, ಸಂಜೆ ತಂಪಿನಲ್ಲಿ. ಜಂತುಹುಳುವಿನ ಔಷಧವನ್ನು ಅದಕ್ಕೆ ಒಂದು ವಾರ ಮುಂಚೆ, ಡಾಕ್ಟರು ಹೇಳಿದ ಲೆಕ್ಕದಲ್ಲಿ ಕೊಟ್ಟಿರಬೇಕು. ರೆಕ್ಕೆಯ ಕೆಳಗೆ, ಬಾಲದ ಬುಡದಲ್ಲಿ ಗರಿ ಬಿಡಿಸಿ ಹೇನು ಇದೆಯಾ ನೋಡಿ. ಒಲೆಯ ಬೂದಿ ಮತ್ತು ಒಣ ಮಣ್ಣು ಬೆರೆಸಿ ಒಂದು ಹಳೆಯ ಬಾಂಡಲಿಯಲ್ಲಿ ಇಟ್ಟರೆ ತಾವೇ ಹೊರಳಾಡಿಕೊಳ್ಳುತ್ತವೆ.

ಮೂರು ವಾರ ಕಳೆದ ಮೇಲೆ ಜಾಲರಿ ಕಟ್ಟುವ ಕೆಲಸ. ಹಳೆಯ ಕೋಳಿಗಳು ಮೇಯುವ ಅಂಗಳದಲ್ಲೇ ಒಂದು ಮೂಲೆಗೆ ಕಬ್ಬಿಣದ ಮೆಶ್ ಕಟ್ಟಿ, ಹೊಸವನ್ನು ಒಳಗೆ ಬಿಡಿ. ಒಂದನ್ನೊಂದು ನೋಡಬೇಕು, ಮುಟ್ಟಬಾರದು. ಎರಡೂ ಕಡೆಯ ಮೇವಿನ ತಟ್ಟೆಯನ್ನು ಜಾಲರಿಗೆ ತಾಗಿಸಿ ಇಡಿ. ಹಸಿದ ಕೋಳಿಗಳು ಎದುರುಬದುರು ನಿಂತು ತಿನ್ನಲಿ. ಮೊದಲ ಎರಡು ದಿನ ನಾಟಿ ಹೇಂಟೆಗಳು ಕತ್ತಿನ ಗರಿ ನಿಗುರಿಸಿ ಜಾಲರಿಗೆ ಹಾಯುತ್ತವೆ. ನಾಲ್ಕನೇ ದಿನಕ್ಕೆ ಆಸಕ್ತಿ ಕಡಿಮೆಯಾಗುತ್ತದೆ. ವಾರ ಹತ್ತು ದಿನ ಕಳೆದು, ಜಾಲರಿಯ ಆಚೀಚೆ ಎರಡೂ ಗುಂಪು ನೆರಳಲ್ಲಿ ಹತ್ತಿರ ಹತ್ತಿರ ಮಲಗಿದ್ದು ಕಂಡರೆ ಮುಂದಿನ ಹೆಜ್ಜೆ ಇಡಬಹುದು.

ಬಿಡುವುದು ಹೇಗೆ? ಕತ್ತಲಾದ ಮೇಲೆ ಎತ್ತಿ ಗೂಡಿನೊಳಗೆ ಕೂರಿಸಿಬಿಡಿ ಎನ್ನುತ್ತಾರೆ ತುಂಬಾ ಜನ. ಅದು ಒಳ್ಳೆಯ ಉಪಾಯವೇ, ಆದರೆ ಅರ್ಧ ಮಾತ್ರ. ರಾತ್ರಿ ಯಾವ ಕೋಳಿಯೂ ಜಗಳಕ್ಕೆ ಬರುವುದಿಲ್ಲ. ಬೆಳಕು ಹರಿಯುವಾಗ, ಗೂಡಿನ ಬಾಗಿಲು ಇನ್ನೂ ಮುಚ್ಚಿರುವಾಗಲೇ ಏಟು ಬೀಳುವುದು. ಓಡಲು ಜಾಗ ಇರುವುದಿಲ್ಲ ಅಲ್ವಾ. ಆದ್ದರಿಂದ ಮೊದಲ ವಾರ ನೀವು ಹುಂಜ ಕೂಗುವ ಹೊತ್ತಿಗೇ ಎದ್ದು ಬಾಗಿಲು ತೆಗೆಯಬೇಕು. ಅದಕ್ಕೆ ಆಗುವುದಿಲ್ಲ ಎನ್ನುವವರು ಇನ್ನೊಂದು ವಾರ ಬೇರೆ ಗೂಡಿನಲ್ಲೇ ಮಲಗಿಸಿ, ಹಗಲು ಮಾತ್ರ ಜೊತೆಗೆ ಬಿಡುವುದು ವಾಸಿ.

ಗೂಡಿನೊಳಗೆ ಕೂರುವ ಕೋಲು ಗಿರಿರಾಜಕ್ಕೆ ಕೆಳಗಿರಲಿ, ನೆಲದಿಂದ ಒಂದೂವರೆ ಅಡಿ ಸಾಕು. ಎತ್ತರದಿಂದ ಧುಮುಕಿದರೆ ಅದರ ಭಾರಕ್ಕೆ ಅಂಗಾಲು ಒಡೆದು ಕೀವು ತುಂಬುತ್ತದೆ. ಕೋಲು ಎರಡು ಇಂಚು ದಪ್ಪ, ಅಂಚು ಉಜ್ಜಿ ನುಣುಪು ಮಾಡಿದ್ದು. ನಾಟಿ ಕೋಳಿಗೆ ಎತ್ತರದ ಕೋಲೇ ಬೇಕು, ಅವು ಮೇಲೆ ಹೋಗುತ್ತವೆ. ಅಷ್ಟರಮಟ್ಟಿಗೆ ಜಾಗದ ಜಗಳ ತಪ್ಪಿತು. ಆದರೆ ಮೇಲಿನ ಕೋಲಿನ ನೇರ ಕೆಳಗೆ ಕೆಳಗಿನದನ್ನು ಹಾಕಬೇಡಿ, ಹಿಕ್ಕೆಯೆಲ್ಲ ಇವುಗಳ ಬೆನ್ನಿಗೆ ಬೀಳುತ್ತದೆ.

ಈಗ ಮೇವಿನ ವಿಷಯ. ಒಂದೇ ಕಡೆ ಕಾಳು ಎರಚುವ ಅಭ್ಯಾಸ ಬಿಡಿ. ಮೂರು ಕಡೆ ಹಾಕಿ, ಒಂದಕ್ಕೊಂದು ಹತ್ತು ಹನ್ನೆರಡು ಅಡಿ ದೂರ, ಒಂದರಿಂದ ಇನ್ನೊಂದು ಕಾಣದ ಹಾಗೆ. ಒಂದು ಬಾವಿಕಟ್ಟೆಯ ಹತ್ತಿರ, ಒಂದು ಬಾಳೆ ಗುಂಪಿನ ಹಿಂದೆ, ಒಂದು ತಿಪ್ಪೆಯ ಪಕ್ಕ, ಹೀಗೆ. ದಬ್ಬಾಳಿಕೆ ಮಾಡುವ ಕೋಳಿ ಒಂದು ಹೊತ್ತಿಗೆ ಒಂದೇ ಕಡೆ ಕಾವಲು ನಿಲ್ಲಬಹುದು. ಸಾಧು ಕೋಳಿ ಅಲ್ಲಿಂದ ಓಡಿ ಇನ್ನೊಂದು ಕಡೆ ತಿನ್ನುತ್ತದೆ. ನೀರಿಗೂ ಇದೇ ಮಾತು, ಎರಡು ಬಟ್ಟಲಾದರೂ ಇರಲಿ. ಎರಚುವ ರಾಗಿ, ಅಕ್ಕಿ ನುಚ್ಚು ಚುರುಕಾದವರ ಪಾಲು. ನಿಧಾನದ ಕೋಳಿಗೆ ತಟ್ಟೆಯಲ್ಲಿ ಇಟ್ಟ ಹಿಂಡಿ ಕಲಸಿದ ಮೇವೇ ಸರಿ, ಅದು ಬೇಗ ಮುಗಿಯುವುದಿಲ್ಲ.

ಸಂಜೆ ಕೋಳಿಗಳು ಕೂತ ಮೇಲೆ, ಟಾರ್ಚನ್ನು ಬಟ್ಟೆಯಲ್ಲಿ ಮುಚ್ಚಿ ಹಿಡಿದು, ಹೊಸ ಕೋಳಿ ಒಂದೊಂದರ ಕತ್ತಿನ ಬುಡ ಮುಟ್ಟಿ ನೋಡಿ. ಎದೆಯ ಮೇಲ್ಭಾಗದಲ್ಲಿ, ಸ್ವಲ್ಪ ಬಲಕ್ಕೆ, ಮೇವಿನ ಚೀಲ ಇರುತ್ತದೆ. ದಿನವಿಡೀ ತಿಂದ ಕೋಳಿಯದು ಸಣ್ಣ ನಿಂಬೆಹಣ್ಣಿಗಿಂತ ದೊಡ್ಡದಾಗಿ, ಕಲಸಿದ ಹಿಟ್ಟಿನ ಉಂಡೆಯ ಹಾಗೆ ಕೈಗೆ ಸಿಗುತ್ತದೆ. ಅದು ಚಪ್ಪಟೆಯಾಗಿ, ಬರಿ ಚರ್ಮ ಕೈಗೆ ಬಂದರೆ ಆ ಕೋಳಿ ಅವತ್ತು ಉಪವಾಸ. ಒಂದು ದಿನ ಹಾಗಾದರೆ ಮಾರನೇ ದಿನ ಅದನ್ನು ಮಂಕರಿಯಡಿ ಮುಚ್ಚಿ ಬೇರೆ ಉಣಿಸಿ. ಸತತ ಮೂರು ದಿನ ಹಾಗೇ ಆದರೆ ಜಾಲರಿಯೊಳಗೆ ವಾಪಸ್ ಹಾಕಿ ಒಂದು ವಾರ ಬಿಟ್ಟು ಮತ್ತೆ ಪ್ರಯತ್ನಿಸಿ. ಐದು ಕೋಳಿಗೆ ಐದು ನಿಮಿಷದ ಕೆಲಸ ಇದು. ಅವತ್ತು ನಾನು ಇದನ್ನು ಮಾಡಿದ್ದರೆ ಆ ಕೋಳಿ ಬದುಕುತ್ತಿತ್ತು. ನಮ್ಮ ಹಿತ್ತಲಲ್ಲಿ ಆಮೇಲೆ ಒಂದು ಹೊಸ ಕೋಳಿಯೂ ಹಸಿದು ಸತ್ತಿಲ್ಲ.

ಕುಕ್ಕಾಟ ಪೂರ್ತಿ ನಿಲ್ಲಿಸಲು ಹೋಗಬೇಡಿ. ಯಾರು ಮೊದಲು, ಯಾರು ಆಮೇಲೆ ಎನ್ನುವುದನ್ನು ಅವು ತಾವೇ ತೀರ್ಮಾನಿಸಿಕೊಳ್ಳಬೇಕು. ತಲೆಗೆ ಒಂದು ಏಟು, ನಾಲ್ಕು ಹೆಜ್ಜೆ ಅಟ್ಟುವುದು, ಇಷ್ಟು ಇದ್ದದ್ದೇ. ರಕ್ತ ಬಂದರೆ ಮಾತ್ರ ತಡ ಮಾಡಬೇಡಿ. ಕೆಂಪು ಕಂಡರೆ ಉಳಿದವೂ ಬಂದು ಅಲ್ಲೇ ಕುಕ್ಕುತ್ತವೆ. ಎತ್ತಿಕೊಂಡು ಬಂದು ಉಗುರುಬೆಚ್ಚನೆ ಉಪ್ಪುನೀರಲ್ಲಿ ತೊಳೆದು ಅರಿಶಿನ, ಬೇವಿನೆಣ್ಣೆ ಹಚ್ಚಿ, ಗಾಯ ಒಣಗುವ ತನಕ ಬೇರೆ ಇಡಿ. ಅಂಗಳದಲ್ಲಿ ಅಡಗಲು ಜಾಗವೂ ಬೇಕು. ಗೋಡೆಗೆ ಒರಗಿಸಿದ ಹಲಗೆ, ಮಗುಚಿದ ಕುಕ್ಕೆ, ತೆಂಗಿನ ಗರಿ, ಏನಾದರೂ ಆಗುತ್ತದೆ. ಆದರೆ ಅದಕ್ಕೆ ಎರಡು ಕಡೆ ದಾರಿ ಇರಲೇಬೇಕು. ಒಂದೇ ಬಾಯಿಯ ಸಂದಿಗೆ ನುಗ್ಗಿದ ಕೋಳಿ ಅಲ್ಲೇ ಸಿಕ್ಕಿಬೀಳುತ್ತದೆ.

ಒಂದೇ ಹೇಂಟೆ ಬೆನ್ನು ಬಿಡದೆ ಕಾಡುತ್ತಿದ್ದರೆ, ಪೆಟ್ಟು ತಿನ್ನುವ ಕೋಳಿಯನ್ನು ತೆಗೆಯಬೇಡಿ, ಕಾಡುವ ಹೇಂಟೆಯನ್ನು ತೆಗೆಯಿರಿ. ನಾಲ್ಕೈದು ದಿನ ಅದನ್ನು ಉಳಿದವಕ್ಕೆ ಕಾಣದ ಹಾಗೆ ಬೇರೆ ಕಡೆ ಮುಚ್ಚಿಡಿ. ಅದು ವಾಪಸ್ ಬರುವಷ್ಟರಲ್ಲಿ ಗುಂಪು ಅದನ್ನು ಬಿಟ್ಟು ಹೊಂದಿಕೊಂಡಿರುತ್ತದೆ. ಈಗ ಅದೇ ಹೊಸಬಳು. ಸೊಕ್ಕು ಅರ್ಧ ಇಳಿದಿರುತ್ತದೆ. ನಮ್ಮಲ್ಲಿ ಬೂದು ಬಣ್ಣದ ಒಂದು ನಾಟಿ ಹೇಂಟೆ ಇತ್ತು, ಇಡೀ ಹಿತ್ತಲು ಅದರ ಮಾತು ಕೇಳುತ್ತಿತ್ತು. ಎರಡು ಸಲ ಹೀಗೆ ಮಾಡಿದ ಮೇಲೆ ಗಿರಿರಾಜಗಳ ಪಕ್ಕದಲ್ಲೇ ಮಲಗತೊಡಗಿತು.

ಹುಂಜದ ಲೆಕ್ಕ ಬೇರೆ. ಎಂಟು ಹತ್ತು ಹೇಂಟೆಗೆ ಒಂದು ಸಾಕು. ಗಿರಿರಾಜ ಹುಂಜ ಎಷ್ಟೇ ಸಾಧುವಾದರೂ ಅದರ ಭಾರಕ್ಕೆ ಸಣ್ಣ ನಾಟಿ ಹೇಂಟೆಯ ಬೆನ್ನಿನ ಗರಿ ಕಿತ್ತು, ಚರ್ಮ ಸೀಳುತ್ತದೆ. ನಾಟಿ ಹುಂಜವನ್ನೇ ಇಟ್ಟುಕೊಳ್ಳಿ. ಅದು ಹದ್ದು ಕಂಡ ಕೂಡಲೇ ಕೂಗಿ ಎಚ್ಚರಿಸುತ್ತದೆ. ಆ ಕೂಗಿನ ಅರ್ಥ ಕಲಿಯಲು ಹೊಸವಕ್ಕೆ ಕೆಲವು ದಿನ ಬೇಕು, ಅಲ್ಲಿಯ ತನಕ ನೀವು ಹತ್ತಿರ ಇರಿ. ಹಗಲಿನ ಮುಂಗುಸಿಯ ಕಾಟವೂ ಇದೆ. ಕಾದಾಟಕ್ಕೆ ಸಾಕುವ ಅಸೀಲ್ ರಕ್ತದ ಕೋಳಿ, ಗಿನಿ ಕೋಳಿ ಇರುವ ಹಿತ್ತಲಿಗೆ ಗಿರಿರಾಜ ತರುವುದೇ ಬೇಡ ಎನ್ನುತ್ತೇನೆ. ಗಿನಿ ಕೋಳಿಗಳು ಗುಂಪು ಕಟ್ಟಿಕೊಂಡು ಅಟ್ಟುತ್ತವೆ, ಸುಸ್ತಾಗುವ ತನಕ ಬಿಡುವುದಿಲ್ಲ.

ಇಷ್ಟೆಲ್ಲ ರಗಳೆಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಎಲ್ಲಕ್ಕಿಂತ ಪ್ರೀತಿಯದು. ನಾಟಿ ಹೇಂಟೆ ಕಾವಿಗೆ ಕೂತು ಇಪ್ಪತ್ತು ದಿನ ಆಗುವ ಹೊತ್ತಿಗೆ, ಒಂದೆರಡು ದಿನದ ಗಿರಿರಾಜ ಮರಿಗಳನ್ನು ತನ್ನಿ. ರಾತ್ರಿ ಕತ್ತಲಲ್ಲಿ ಅದರ ಮೊಟ್ಟೆ ತೆಗೆದು ಒಂದೊಂದೇ ಮರಿಯನ್ನು ರೆಕ್ಕೆಯಡಿ ತಳ್ಳಿ. ಎಂಟು ಸಾಕು. ಬೆಳಗ್ಗೆ ಬೆಳಕು ಬರುವ ಮುಂಚೆ ಹೋಗಿ ನೋಡಿ. ಹೇಂಟೆ ಮೆತ್ತಗೆ ಕೊಕ್‌ಕೊಕ್ ಎನ್ನುತ್ತಿದ್ದರೆ ಒಪ್ಪಿಕೊಂಡಿತು ಎಂದು ಅರ್ಥ. ಕುಕ್ಕಿದರೆ ಮರಿಗಳನ್ನು ಕೂಡಲೇ ತೆಗೆದು ಬಲ್ಬಿನ ಕಾವಿಗೆ ಹಾಕಬೇಕು, ಆ ಏರ್ಪಾಡು ಮುಂಚೆಯೇ ಇರಲಿ. ಒಪ್ಪಿಕೊಂಡ ತಾಯಿ ಗುಂಪಿನ ಮಧ್ಯೆಯೇ ಮರಿಗಳನ್ನು ನಡೆಸಿಕೊಂಡು ಹೋಗುತ್ತದೆ, ಯಾವ ಹೇಂಟೆಗೂ ಹತ್ತಿರ ಬರುವ ಧೈರ್ಯವಿಲ್ಲ. ಐದಾರು ವಾರಕ್ಕೆ ಮರಿಗಳು ತಾಯಿಯ ಅರ್ಧ ಗಾತ್ರ ಆಗಿರುತ್ತವೆ. ರೆಕ್ಕೆಯಡಿ ಹಿಡಿಸುವುದೇ ಇಲ್ಲ, ಬರಿ ತಲೆ ತೂರಿಸಿ ಮೈಯೆಲ್ಲ ಹೊರಗೆ ಬಿಟ್ಟು ಮಲಗುತ್ತವೆ. ಪಾಪ, ಆ ಚಿಕ್ಕ ತಾಯಿ ರೆಕ್ಕೆ ಅಗಲಿಸಿಕೊಂಡೇ ಇರುತ್ತದೆ.

ಹಳೆಯ ಕೋಳಿಗಳು ಹೊಸವು ಬಂದ ಮೇಲೆ ಒಂದೆರಡು ವಾರ ಮೊಟ್ಟೆ ಕಡಿಮೆ ಮಾಡಿದರೆ ಗಾಬರಿ ಬೇಡ, ಮತ್ತೆ ಇಡುತ್ತವೆ. ಜಾಲರಿಯನ್ನು ಮಾತ್ರ ಬಿಚ್ಚಿ ಅಟ್ಟಕ್ಕೆ ಹಾಕಬೇಡಿ, ಸುತ್ತಿ ಗೂಡಿನ ಪಕ್ಕದಲ್ಲೇ ಇಟ್ಟಿರಿ. ಗಿರಿರಾಜ ಹೇಂಟೆಗಳು ಆರು ತಿಂಗಳ ಹೊತ್ತಿಗೆ ಮೊಟ್ಟೆಗೆ ಬರುತ್ತವೆ. ಜುಟ್ಟು ಕೆಂಪಾಗುತ್ತದೆ, ನಡಿಗೆ ಬದಲಾಗುತ್ತದೆ, ಮೊಟ್ಟೆ ಇಡುವ ಬುಟ್ಟಿಗೆ ಪೈಪೋಟಿ ಶುರುವಾಗುತ್ತದೆ. ಆಗ ಗುಂಪಿನ ಲೆಕ್ಕ ಇನ್ನೊಮ್ಮೆ ಅಲುಗಾಡುತ್ತದೆ. ಹುಲ್ಲು ಹಾಸಿದ ಬುಟ್ಟಿ ಇನ್ನೆರಡು ಇಡಿ, ನೆಲದ ಮೇಲೆಯೇ. ಆ ವಾರವೂ ದಿನಾ ಸಂಜೆ ಟಾರ್ಚ್ ಹಿಡಿದುಕೊಂಡು ಹೋಗಿ, ಒಂದೊಂದರ ಕತ್ತಿನ ಬುಡ ಮುಟ್ಟಿ ನೋಡಿ ಬನ್ನಿ.