ರಜೆ ಮುಗಿಸಿ ಬಂದವರು ಮೊದಲ ದಿನ ಮೇಲ್ ತೆರೆಯುವ ಮುನ್ನ

ದಸರಾ ಮುಗಿದ ಮೇಲಿನ ಮೊದಲ ಸೋಮವಾರ ಮೈಸೂರಿನ ಯಾವ ಆಫೀಸಿಗೆ ಹೋದರೂ ಇದೇ ನೋಟ. ಆಯುಧಪೂಜೆಗೆ ಮಾನಿಟರಿಗೆ ಹಚ್ಚಿದ ಕುಂಕುಮ ಹಾಗೇ ಇರುತ್ತದೆ. ಕೀಬೋರ್ಡಿನ ಸಂದಿಯಲ್ಲಿ ಒಣಗಿದ ಸೇವಂತಿಗೆ ಎಸಳು. ಅದರ ಮುಂದೆ ಕೂತವರು ಹತ್ತರಿಂದ ಒಂದು ಗಂಟೆವರೆಗೆ ಸುಮ್ನೆ ಮೌಸ್ ಉರುಳಿಸುತ್ತಾ ಮೇಲ್ ಓದುತ್ತಿರುತ್ತಾರೆ. ಊಟದ ಹೊತ್ತಿಗೆ ತಲೆನೋವು. ‘ಯಾಕೋ ಮೂಡೇ ಇಲ್ಲ ಕಣ್ರೀ’ ಅಂತ ಸಂಜೆ ಐದಕ್ಕೇ ಬ್ಯಾಗು ಹೆಗಲಿಗೇರುತ್ತದೆ. ಮಂಗಳವಾರವೂ ಅದೇ ಕಥೆ.

ಮೂಡು ಬರಲಿ, ಆಮೇಲೆ ಕೆಲಸ ಶುರು ಮಾಡೋಣ ಅಂತ ಕಾಯುವುದೇ ಎಡವಟ್ಟು. ಒಂದು ಕೆಲಸ ಮುಗಿದರೆ ಮೂಡು ತಾನಾಗಿ ಬರುತ್ತದೆ. ಮೊದಲ ದಿನ ಊಟಕ್ಕೆ ಏಳುವ ಮುಂಚೆ ಒಂದೇ ಒಂದು ಕೆಲಸ ಪೂರ್ತಿ ಮುಗಿದಿರಬೇಕು. ಕೆಳಗೆ ಹೇಳಿರುವುದೆಲ್ಲ ಅದಕ್ಕಾಗಿಯೇ.

ಹಂತ 1: ಒಂದು ದಿನ ಮುಂಚೆ ಊರಿಗೆ ಬನ್ನಿ

ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗ್ಗೆ ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು, ಮುಖ ತೊಳೆದು ನೇರ ಆಫೀಸಿಗೆ ಹೋಗುವವರಿದ್ದಾರೆ. ಒಂದು ಸಿ.ಎಲ್. ಉಳಿಯಿತು ಅಂತ ಅವರಿಗೆ ಖುಷಿ. ಆ ವಾರವಿಡೀ ತೂಕಡಿಸಿದ್ದರ ಲೆಕ್ಕ ಇಡುವುದಿಲ್ಲ, ಅಷ್ಟೆ. ಮಂಡ್ಯ ಕಡೆಯವರು ಯುಗಾದಿಯಲ್ಲಿ ಹೊಸತೊಡಕಿನ ಮಾರನೇ ದಿನವನ್ನೂ ರಜೆಗೆ ಸೇರಿಸಿಕೊಂಡೇ ಅರ್ಜಿ ಬರೆಯಿರಿ. ಬಾಡೂಟದ ಮಾರನೇ ಬೆಳಗ್ಗೆ ಯಾರ ಫೈಲೂ ಮುಂದೆ ಹೋಗುವುದಿಲ್ಲ.

ಹಂತ 2: ನಿದ್ದೆ

ರಜೆಯಲ್ಲಿ ರಾತ್ರಿ ಒಂದಕ್ಕೆ ಮಲಗಿ ಒಂಬತ್ತಕ್ಕೆ ಎದ್ದ ದೇಹ ಒಂದೇ ರಾತ್ರಿಯಲ್ಲಿ ಹಳೇ ದಾರಿಗೆ ಬರುವುದಿಲ್ಲ. ಅದರ ಗಡಿಯಾರವನ್ನು ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಸರಿಸಬಹುದು. ಸರಿಸುವುದಕ್ಕೆ ಬೇಕಾದದ್ದು ಬೆಳಗಿನ ಬೆಳಕು. ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ, ಇಲ್ಲವೇ ಮನೆ ತಾರಸಿಯ ಮೇಲೆ ನಿಂತು ಕಾಫಿ ಕುಡಿಯಿರಿ. ಆದರೆ ಮಧ್ಯಾಹ್ನ ಮೂರರ ಮೇಲೆ ಕಾಫಿ ಬೇಡ. ಕುಡಿದ ಐದು ಗಂಟೆ ಕಳೆದರೂ ಸುಮಾರು ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಎನರ್ಜಿ ಡ್ರಿಂಕ್ ಅಂತ ಡಬ್ಬಿಯಲ್ಲಿ ಮಾರುವುದರಲ್ಲೂ ಇರುವುದು ಹೆಚ್ಚಾಗಿ ಅದೇ ಕೆಫೀನ್, ಜೊತೆಗೆ ಸಕ್ಕರೆ. ನಮ್ಮ ಫಿಲ್ಟರ್ ಕಾಫಿಗೆ ಏನಾಗಿದೆ?

ಹಂತ 3: ಮೇಲ್ ರಾಶಿ

ಎಲ್ಲರೂ ಮುಗ್ಗರಿಸುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲ ಅರ್ಧ ಗಂಟೆ ಮೇಲ್ ಮುಟ್ಟಲೇಬೇಡಿ. ಫೋನಿನ ಡೇಟಾ ಆಫ್ ಮಾಡಿ. ಒಂದು ಹಾಳೆ ತೆಗೆದುಕೊಂಡು, ರಜೆಗೆ ಮುಂಚೆ ಏನೇನು ಅರ್ಧಕ್ಕೆ ಬಿಟ್ಟಿದ್ದಿರಿ ಅಂತ ನೆನಪಿನಿಂದಲೇ ಬರೆಯಿರಿ. ‘ಬಿಲ್ ವಿಷಯ ನೋಡಬೇಕು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಹನ್ನೊಂದಕ್ಕೆ ಅಕೌಂಟ್ಸ್ ಸೆಕ್ಷನ್ನಿಗೆ ಹೋಗಿ ಸೆಪ್ಟೆಂಬರ್ ಬಿಲ್ಲುಗಳನ್ನು ಇಸ್ಕೊಂಡು ಬರಬೇಕು’ ಅಂತಿರಬೇಕು. ಯಾವಾಗ, ಎಲ್ಲಿ, ಏನು ಅನ್ನುವುದು ಸ್ಪಷ್ಟವಾಗಿರಬೇಕು. ಮಸಿಕಾಂಪೊ ಮತ್ತು ಬೌಮೀಸ್ಟರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ. ಬಾಕಿ ಕೆಲಸ ತಲೆ ಕೊರೆಯುವುದು ನಿಲ್ಲಲು ಅದು ಮುಗಿಯಲೇಬೇಕು ಅಂತಿಲ್ಲ, ಹೇಗೆ ಮಾಡುತ್ತೇನೆ ಅನ್ನುವ ಖಚಿತ ಯೋಜನೆ ಇದ್ದರೂ ಸಾಕು.

ಮಂಡ್ಯದಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಇಲ್ಲೊಂದು ಅನುಕೂಲವಿದೆ. ಈ ಪಟ್ಟಿಯನ್ನು ರೈಲಿನಲ್ಲೇ ಬರೆಯಬಹುದು. ಮದ್ದೂರು ಬರುವುದರೊಳಗೆ ಮುಗಿಸಿ, ಆಮೇಲೆ ವಡೆ ತಿನ್ನಿ.

ಇದಕ್ಕೆಲ್ಲ ಹಾಳೆಯೇ ಆಗಬೇಕು. ಆಪ್‌ಗಳು ಬೇಡ. ಏಕಾಗ್ರತೆಗೆ ಅಂತ ಹಾಕಿಕೊಂಡ ಆಪ್ ಕೂಡ ಫೋನನ್ನು ಕೈಗೆ ಕೊಡುತ್ತದೆ, ಕೈಗೆ ಬಂದ ಮೇಲೆ ರೀಲ್ಸ್ ಎಷ್ಟು ದೂರ? ಗಟ್ಟಿ ರಟ್ಟು ಹಾಕಿ ಸಾವಿರ ರೂಪಾಯಿಗೆ ಮಾರುವ ಪ್ಲಾನರುಗಳೂ ಬೇಡ. ಅದರಲ್ಲಿ ‘ಇಂದಿನ ಕೃತಜ್ಞತೆ’ ಅನ್ನುವ ಚೌಕ ತುಂಬುವಷ್ಟರಲ್ಲಿ ಹತ್ತೂವರೆ ಆಗಿರುತ್ತದೆ. ಹೋದ ವರ್ಷದ ಡೈರಿಯ ಖಾಲಿ ಪುಟ ಧಾರಾಳ ಸಾಕು.

ಪಟ್ಟಿ ಆಯಿತಾ? ಈಗ ಪಕ್ಕದ ಸೀಟಿನವರ ಹತ್ತಿರ ಹೋಗಿ, ‘ನಾನಿಲ್ಲದಾಗ ಏನೇನಾಯ್ತು ಹೇಳಿ ಸಾರ್’ ಅಂತ ಕೇಳಿ. ಅವರು ಹತ್ತು ನಿಮಿಷದಲ್ಲಿ ಹೇಳುವುದು ನೂರು ಮೇಲ್ ಓದಿದರೂ ಸಿಗುವುದಿಲ್ಲ. ಯಾವ ಗಲಾಟೆ ಎದ್ದಿತ್ತು, ಯಾವುದು ತಾನಾಗಿ ತಣ್ಣಗಾಯಿತು, ಸಾಹೇಬರು ಯಾವುದಕ್ಕೆ ಸಿಡುಕುತ್ತಿದ್ದಾರೆ, ಇದೆಲ್ಲ ಮೇಲಿನಲ್ಲಿ ಬರೆದಿರುತ್ತದೆಯೇ?

ಇನ್ನು ಮೇಲ್ ತೆರೆಯಿರಿ. ಮುಕ್ಕಾಲು ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ತಾರೀಖಿನ ಪ್ರಕಾರ ನೋಡಬೇಡಿ, ಕಳಿಸಿದವರ ಹೆಸರಿನ ಪ್ರಕಾರ ಜೋಡಿಸಿಕೊಳ್ಳಿ. ಮೊದಲು ನಿಮ್ಮ ಮೇಲಧಿಕಾರಿ, ಆಮೇಲೆ ಗ್ರಾಹಕರು, ಉಳಿದವರು ಕೊನೆಗೆ. ಒಂದೇ ವಿಷಯಕ್ಕೆ ಹದಿನೈದು ಉತ್ತರ ಬಂದಿದ್ದರೆ ಕೊನೆಯದೊಂದನ್ನು ಓದಿ. ಹಿಂದಿನದ್ದೆಲ್ಲ ಸಾಮಾನ್ಯವಾಗಿ ಅದರ ಕೆಳಗೇ ಇರುತ್ತದೆ. ನಿಮಗೆ ಬರೀ ಸಿಸಿ ಹಾಕಿದವನ್ನು ಒಟ್ಟಿಗೆ ಎತ್ತಿ ‘ಶುಕ್ರವಾರ’ ಅನ್ನುವ ಫೋಲ್ಡರಿಗೆ ಹಾಕಿ. ಅಳಿಸಬೇಡಿ.

ಈ ಮುಕ್ಕಾಲು ಗಂಟೆಯಲ್ಲಿ ಯಾರಿಗೂ ಉತ್ತರ ಬರೆಯುವಂತಿಲ್ಲ. ಎರಡು ನಿಮಿಷದ ಕೆಲಸವಾದರೆ ಆಗಲೇ ಮಾಡಿಬಿಡಿ ಅಂತ ಬಹಳ ಜನ ಹೇಳುತ್ತಾರೆ. ಬೇರೆ ದಿನಕ್ಕೆ ಸರಿ, ಈ ದಿನಕ್ಕಲ್ಲ. ಎರಡೆರಡು ನಿಮಿಷದ್ದು ನಲವತ್ತು ಇದ್ದರೆ ಬೆಳಗೇ ಮುಗಿಯಿತಲ್ವಾ? ಮೇಲಾಗಿ, ಒಂದಕ್ಕೆ ಉತ್ತರ ಹೋದರೆ ತಿರುಗಿ ಇನ್ನೊಂದು ಬರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸದಿಂದ ಇನ್ನೊಂದಕ್ಕೆ ಹಾರಿದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಸಿಕ್ಕಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲೇ ತೋರಿಸಿದ್ದಾರೆ. ಮೇಲ್ ಓದಿಯೇ ಸುಸ್ತಾಗುವುದು ಇದಕ್ಕೇ. ಮಾಡಬೇಕಾದದ್ದು ಕಂಡರೆ ಹಾಳೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿ.

ವಾಟ್ಸಾಪ್ ಗುಂಪಿನಲ್ಲಿ ನಿಮ್ಮನ್ನು ಹೆಸರಿಟ್ಟು ಕರೆದ ಸಂದೇಶವಿದ್ದರೆ ‘@’ ಗುರುತಿನ ಬಟನ್ ಕಾಣುತ್ತದೆ. ಅದನ್ನು ಒತ್ತಿ, ಅಷ್ಟನ್ನು ಮಾತ್ರ ಓದಿ. ಉಳಿದದ್ದು ಹೆಚ್ಚಿನಂಶ ಅಂಬಾರಿ ಹೊತ್ತ ಆನೆಯ ಫೋಟೊ.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎಲ್ಲ ಮೇಲನ್ನೂ ಒಟ್ಟಿಗೆ ‘ಓದಿದೆ’ ಅಂತ ಗುರುತು ಹಾಕುವುದು ಬೇಡ, ಎರಡು ದಿನ ಬಿಟ್ಟು ಸಿಕ್ಕಿಬೀಳುತ್ತೀರಿ. ರಜೆಯಲ್ಲೇ ದಿನಾ ರಾತ್ರಿ ಮೇಲ್ ನೋಡುವುದು ಇನ್ನೂ ಕೆಟ್ಟದ್ದು, ಆ ಕಡೆ ರಜೆಯೂ ಅಲ್ಲ, ಈ ಕಡೆ ಕೆಲಸವೂ ಅಲ್ಲ. ಒಂದೇ ಒಂದು ಅಡ್ಡದಾರಿ ಒಳ್ಳೆಯದು. ರಜೆಯಲ್ಲಿದ್ದೇನೆ ಅನ್ನುವ ಆಟೋ ರಿಪ್ಲೈಯನ್ನು ನೀವು ಬಂದ ದಿನಕ್ಕೂ ಸೇರಿಸಿ ಹಾಕಿಡಿ. ಮೊದಲ ದಿನ ಅರ್ಧ ಜನ ನಿಮ್ಮನ್ನು ಕರೆಯುವುದೇ ಇಲ್ಲ.

ಹಂತ 4: ಒಂದನ್ನು ಮುಗಿಸಿ

ಹಾಳೆಯಿಂದ ಒಂದು ಗಂಟೆಯೊಳಗೆ ಮುಗಿಯುವ ಒಂದು ಕೆಲಸ ಆರಿಸಿ. ಕಷ್ಟದ್ದು ಬೇಡ. ಹಾಗಂತ ಡ್ರಾಯರ್ ಜೋಡಿಸುವುದು, ಡೆಸ್ಕ್‌ಟಾಪ್ ಚಿತ್ರ ಬದಲಿಸುವುದು ಕೆಲಸ ಅಂತ ಲೆಕ್ಕಕ್ಕಿಲ್ಲ. ಮುಗಿದಾಗ ಇನ್ನೊಬ್ಬರ ಕೈಗೆ ಏನಾದರೂ ಹೋಗಬೇಕು: ಒಂದು ಸಹಿ ಆದ ಪತ್ರ, ಒಂದು ಸರಿಪಡಿಸಿದ ಲೆಕ್ಕ.

ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿಗೆ ಮೇಲ್ ಕಾಟ ಕಮ್ಮಿ. ನೀವು ರಿಜಿಸ್ಟರಿನಲ್ಲಿ ಕೊನೆಯ ಮೂರು ದಿನದ ಪುಟ ಓದಿ. ಮೊದಲ ಗಂಟೆ ಮಷಿನ್ ಹತ್ತಿರ ಅವಸರ ಮಾಡಬೇಡಿ. ಕೈಗೆ ಅಭ್ಯಾಸ ಮರಳುವುದಕ್ಕೂ ಸ್ವಲ್ಪ ಹೊತ್ತು ಬೇಕು.

ಹಂತ 5: ಉಳಿದ ವಾರ

ಮೊದಲ ದಿನ ಮೀಟಿಂಗ್ ಇದ್ದರೆ ಮಧ್ಯಾಹ್ನಕ್ಕೆ ಹಾಕಿಸಿ. ಸಮಯಕ್ಕೆ ಸರಿಯಾಗಿ ಮನೆಗೆ ಹೋಗಿ. ಶುಕ್ರವಾರ ಆ ಫೋಲ್ಡರ್ ತೆರೆಯಿರಿ, ಬಹುಪಾಲು ಮೇಲ್‌ಗಳ ಕಥೆ ಅಷ್ಟರಲ್ಲಿ ಮುಗಿದಿರುತ್ತದೆ.

ರಜೆಯಿಂದ ಸಿಕ್ಕ ನೆಮ್ಮದಿ ಎರಡರಿಂದ ನಾಲ್ಕು ವಾರದಲ್ಲಿ ಕರಗುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಆದ್ದರಿಂದ ವರ್ಷದ ರಜೆಯನ್ನೆಲ್ಲ ದಸರಾಕ್ಕೇ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಸರ್ಕಾರಿ ನೌಕರರಿಗೆ ಎರಡನೇ, ನಾಲ್ಕನೇ ಶನಿವಾರ ಹೇಗೂ ರಜೆ. ಅದರ ಪಕ್ಕಕ್ಕೆ ಒಂದು ದಿನ ಸೇರಿಸಿ, ಆಗಾಗ ತೆಗೆದುಕೊಳ್ಳಿ.

ಮೂರು ವಾರ ಕಳೆದರೂ ಬೆಳಗ್ಗೆ ಎದ್ದರೆ ಎದೆ ಭಾರ, ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂದರೆ ಅದು ರಜೆಯ ಗುಂಗಲ್ಲ. ಈ ಹಂತಗಳನ್ನು ಮತ್ತೆ ಮತ್ತೆ ಮಾಡುತ್ತಾ ಕೂರದೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.