ತೂಕ ಇಳಿಯದ ಮಳೆಗಾಲ

ನಾನು ಉಡುಪಿಯಲ್ಲಿ ಟೈಲರ್. ಸಿಟಿ ಬಸ್‌ಸ್ಟ್ಯಾಂಡ್ ಹತ್ತಿರ ಸಣ್ಣದೊಂದು ಅಂಗಡಿ, ಎರಡು ಮಿಷನ್, ಒಂದು ಕಟಿಂಗ್ ಟೇಬಲ್. ಇಪ್ಪತ್ತಾರು ವರ್ಷದಿಂದ ಊರಿನವರ ಸೊಂಟ ಅಳೆಯುತ್ತಾ ಬಂದವನು ನನ್ನ ಸೊಂಟ ಅಳೆದುಕೊಂಡದ್ದು ಕಳೆದ ವರ್ಷ ಫೆಬ್ರವರಿಯಲ್ಲಿ, ಅದೂ ಡಾಕ್ಟ್ರು ಹೇಳಿದ ಮೇಲೆ. 41 ಇಂಚು. ಎತ್ತರ ಐದಡಿ ಆರಿಂಚು, ತೂಕ 91 ಕೆಜಿ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು. "ಶುಗರ್ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ" ಅಂದರು. 5.7ರಿಂದ 6.4ರವರೆಗೆ ಆ ಹೊಸ್ತಿಲು. ನಮ್ಮ ಕಡೆಯ ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಬಾರದಂತೆ. ಟೈಲರ್ ಲೆಕ್ಕದಲ್ಲಿ ಮೂವತ್ತೈದೂವರೆ ಇಂಚು.

ಮೊದಲ ನಾಲ್ಕು ತಿಂಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಬೆಳಿಗ್ಗೆ ಅಜ್ಜರಕಾಡಿನ ಮೈದಾನದಲ್ಲಿ ಒಂದು ಗಂಟೆ ನಡಿಗೆ, ಅನ್ನ ಕಡಿಮೆ, ಸಂಜೆಯ ಕರಿದ ತಿಂಡಿ ಬಂದ್. ಎರಡೇ ವಾರದಲ್ಲಿ ಮೂರು ಕೆಜಿ ಹೋಯ್ತು, ನಾನು ಎಲ್ಲರಿಗೂ ಉಪದೇಶ ಮಾಡಲು ಶುರು ಮಾಡಿದೆ. ಅದರಲ್ಲಿ ಹೆಚ್ಚಿನದು ನೀರು ಅಂತ ಆಮೇಲೆ ಗೊತ್ತಾಯ್ತು. ದೇಹ ಕೂಡಿಟ್ಟ ಗ್ಲೈಕೋಜೆನ್ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಮ್ ನೀರು ಹಿಡಿದುಕೊಂಡಿರುತ್ತದೆ. ಅದು ಖರ್ಚಾದರೆ ನೀರೂ ಹೋಗುತ್ತದೆ. ಇರಲಿ, ಮೇ ಕೊನೆಗೆ 82.6ಕ್ಕೆ ಬಂದೆ. ಪ್ಯಾಂಟನ್ನು ಎರಡು ಸಲ ಬಿಚ್ಚಿ ಒಳಗೆ ತೆಗೆದು, 38½ಕ್ಕೆ ತಂದಿದ್ದೆ.

ಆಮೇಲೆ ಮಳೆ ಬಂತು. ತೂಕ ಅಲ್ಲೇ ಕೂತಿತು.

ಒಂಬತ್ತು ವಾರ. 82.6, 82.9, 82.3, ಪುನಃ 82.6. ಎದ್ದ ಕೂಡಲೇ ಒಮ್ಮೆ, ಸ್ನಾನ ಆಗಿ ಒಮ್ಮೆ, ರಾತ್ರಿ ಒಮ್ಮೆ ತೂಕದ ಮೆಷಿನ್ ಹತ್ತುತ್ತಿದ್ದೆ. ಮೆಷಿನನ್ನು ಚಾವಡಿಯಿಂದ ಅಡುಗೆಮನೆಗೆ, ಅಲ್ಲಿಂದ ಹಿಂದಿನ ಜಗಲಿಗೆ ಒಯ್ದು ಇಟ್ಟು ನೋಡಿದೆ, ನೆಲ ಸಮ ಇಲ್ಲವೋ ಏನೋ ಅಂತ. ಹೊಸ ಬ್ಯಾಟರಿ ಹಾಕಿದೆ. ನನ್ನ ಹೆಂಡತಿ ನೋಡಿ ನೋಡಿ ಸಾಕಾಗಿ, "ಎಂಚಿನ ಮಾರ್ರೆ ಇದು, ತೂಕ ಇಳಿಯುವುದು ನಿಮ್ಮದೋ ಮೆಷಿನ್‌ದೋ?" ಅಂತ ಕೇಳಿದಳು.

ಸಾಲದ್ದಕ್ಕೆ ಗಿರಾಕಿಗಳು. ಹಳೆಯ ಗಿರಾಕಿಯೊಬ್ಬರು ಬ್ಲೌಸ್ ಕೊಡಲು ಬಂದವರು ನನ್ನನ್ನೇ ನೋಡಿ, "ಎಂತ, ಮುಖ ಎಲ್ಲ ಬತ್ತಿ ಹೋಗಿದೆ, ಶುಗರ್ ಉಂಟಾ? ಮೊದಲೇ ಚಂದ ಇದ್ರಿ" ಅಂದರು. ಸಪೂರ ಆದವನಿಗೆ ನಮ್ಮೂರಲ್ಲಿ ಸಿಗುವ ಬಹುಮಾನ ಇಷ್ಟೇ. ಇಳಿಯುತ್ತಿದ್ದಾಗ ಈ ಮಾತು ಮುಟ್ಟುತ್ತಿರಲಿಲ್ಲ. ನಿಂತಾಗ ನೇರ ಹೊಟ್ಟೆಗೇ ಹೋಯ್ತು. ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಬತ್ತಿದ ಮುಖ ಮಾತ್ರವಾದರೆ ಯಾಕೆ ಬೇಕು ಇದೆಲ್ಲ?

ಆಗ ಮಾಡಿದ ತಪ್ಪು ಒಂದು ಹೇಳಬೇಕು. ಹಟ ಹಿಡಿದು ಹತ್ತು ದಿನ ರಾತ್ರಿ ಊಟ ಬಿಟ್ಟೆ. ಅದು ಶಾಲೆ ಶುರುವಾಗುವ ಸಮಯ, ಯೂನಿಫಾರ್ಮ್ ಸೀಸನ್. ರಾತ್ರಿ ಹನ್ನೊಂದರವರೆಗೆ ಮಿಷನ್ ತುಳಿಯುವ ಕೆಲಸ. ಒಂಬತ್ತೂವರೆಗೆ ಕೈ ನಡುಗಲು ಶುರುವಾಗಿ, ಹುಡುಗ ತಂದಿಟ್ಟ ಗೋಳಿಬಜೆಯ ಪೊಟ್ಟಣ ಬಿಚ್ಚಿದರೆ ಎಷ್ಟು ತಿಂದೆ ಅಂತ ಕಾಗದ ಖಾಲಿಯಾದ ಮೇಲೆಯೇ ತಿಳಿಯುತ್ತಿದ್ದದ್ದು. ಹತ್ತು ದಿನದ ಉಪವಾಸದಲ್ಲಿ 400 ಗ್ರಾಮ್ ಹೆಚ್ಚಾಯ್ತು.

ಜುಲೈ ಮೊದಲ ವಾರ ಡಾಕ್ಟ್ರ ಹತ್ತಿರ ಹೋದೆ, ಥೈರಾಯ್ಡ್ ಇರಬಹುದು ಅಂತ ನಾನೇ ತೀರ್ಮಾನ ಮಾಡಿಕೊಂಡು. ಪರೀಕ್ಷೆಯಲ್ಲಿ ಅದು ಸರಿಯಾಗಿಯೇ ಇತ್ತು. ಅವರು ಊಟದ ವಿಷಯ ಎತ್ತಲೇ ಇಲ್ಲ. "ಕೆಲಸ ಹೇಗುಂಟು ಈಗ?" ಅಂತ ಕೇಳಿದರು. ಮಲಗುವುದು ಎಷ್ಟು ಗಂಟೆಗೆ, ಚಾ ಎಷ್ಟು, ವಾಕಿಂಗ್ ನಡೆಯುತ್ತಾ ಉಂಟಾ. ಉತ್ತರ ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಯ್ತು. ಎಲ್ಲ ಮೊದಲಿನ ಹಾಗೆಯೇ ಮಾಡುತ್ತಿದ್ದೇನೆ ಅಂತ ಪ್ರಾಮಾಣಿಕವಾಗಿ ನಂಬಿದ್ದೆ. ಆದರೆ ಮಳೆಯಿಂದಾಗಿ ಅಜ್ಜರಕಾಡು ವಾರಕ್ಕೆ ಒಂದು ದಿನಕ್ಕೆ ಇಳಿದಿತ್ತು. ನಿದ್ದೆ ಐದು ಗಂಟೆ. ಚಾ ದಿನಕ್ಕೆ ಆರು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 16 ಕ್ಯಾಲೊರಿ ಹಿಡಿದರೂ ಬರೀ ಸಕ್ಕರೆಯಲ್ಲೇ 190ರ ಮೇಲೆ.

ಮೀನಿನ ಕಥೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವುದಿಲ್ಲ. ಮಲ್ಪೆಯಿಂದ ಬರುವ ಬಂಗುಡೆ, ಬೂತಾಯಿ ನಿಂತರೆ ನಮ್ಮ ಮನೆಯಲ್ಲಿ ಒಣಮೀನು ಚಟ್ನಿ ಮತ್ತು ಉಪ್ಪಿನಕಾಯಿಯದ್ದೇ ದರ್ಬಾರು. ಹೊಟ್ಟೆ ತುಂಬಿಸುತ್ತಿದ್ದ ಮೀನು ಹೋಗಿ ಆ ಜಾಗಕ್ಕೆ ಗಂಜಿ ಬಂದಿತ್ತು, ಜೊತೆಗೆ ಉಪ್ಪು. ಉಪ್ಪು ಹೆಚ್ಚಾದರೆ ಮೈ ನೀರು ಹಿಡಿಯುತ್ತದೆ, ತೂಕದ ಮೆಷಿನ್ ಅದನ್ನೂ ಕೊಬ್ಬಿನ ಲೆಕ್ಕಕ್ಕೇ ಸೇರಿಸಿ ತೋರಿಸುತ್ತದೆ.

"ಅಷ್ಟೇ ಅಲ್ಲ," ಅಂದರು ಡಾಕ್ಟ್ರು, "ನೀವು ಎಂಟು ಕೆಜಿ ಕೆಳಗಿಟ್ಟಿದ್ದೀರಿ. ಆ ಭಾರ ಹೊತ್ತು ತಿರುಗುವ ಖರ್ಚು ಈಗ ಇಲ್ಲ. ಕಡಿಮೆ ತಿನ್ನುವವನ ದೇಹ ತಾನಾಗಿ ಜಿಪುಣ ಆಗ್ತದೆ. ನಿಮಗೆ ಗೊತ್ತಾಗದ ಹಾಗೆ ಓಡಾಟವನ್ನೂ ಕಡಿಮೆ ಮಾಡಿಸ್ತದೆ." ಮೈನಸ್ ಇದ್ದ ಲೆಕ್ಕ ಸೊನ್ನೆಗೆ ಬಂದು ನಿಂತದ್ದು ಹೀಗೆ.

ಮನೆಗೆ ಬಂದು ಮೊದಲು ಮಾಡಿದ್ದು ಅನ್ನ ತೂಗಿದ್ದು. ಅಡುಗೆಗೆ ಉಪಯೋಗಿಸುವ ಸಣ್ಣ ತಕ್ಕಡಿ ತಂದೆ. ನನ್ನ ಲೆಕ್ಕದಲ್ಲಿ ಕುಚ್ಚಲಕ್ಕಿ ಅನ್ನ ಒಂದು ಸೌಟು, 150 ಗ್ರಾಮ್. ಫೆಬ್ರವರಿಯಲ್ಲಿ ನಿಜಕ್ಕೂ ಅಷ್ಟೇ ಇತ್ತು. ಈಗ ಬಟ್ಟಲಿಗೆ ಹಾಕಿ ನೋಡಿದರೆ 212. ಸೌಟು ಅದೇ, ತುಂಬುವ ಕೈಯೂ ನನ್ನದೇ. ಸೌಟಿನ ಮೇಲೆ ಮಾತ್ರ ಒಂದು ಗುಡ್ಡ ಬೆಳೆದಿತ್ತು. ಎರಡು ಹೊತ್ತಿಗೆ ಅದೇ 160 ಕ್ಯಾಲೊರಿ. ಗಿರಾಕಿಯ ತೋಳು ಕಾಲಿಂಚು ತಪ್ಪಿದರೆ ರಾತ್ರಿ ನಿದ್ದೆ ಬಾರದವನು ನಾನು, ಬಟ್ಟಲಿಗೆ ಮಾತ್ರ ಕಣ್ಣಂದಾಜು. ಗಸಿಗೆ ಹಾಕುವ ಕಾಯಿತುರಿ ತೂಗಲು ಹೋದಾಗ ಹೆಂಡತಿ ತಕ್ಕಡಿ ಕಿತ್ತುಕೊಂಡಳು. "ಕಾಯಿ ಲೆಕ್ಕ ಹಾಕಿ ಅರೆದರೆ ಅದು ಗಸಿಯಾ?" ಅವಳೊಟ್ಟಿಗೆ ರಾಜಿಯಾಯ್ತು: ಮಧ್ಯಾಹ್ನ ಕಾಯಿ ಅವಳ ಇಷ್ಟ, ರಾತ್ರಿ ಕಾಯಿ ಇಲ್ಲದ ಬಸಳೆ ಅಥವಾ ಹೆಸರುಕಾಳು, ಜೊತೆಗೆ ಎರಡು ಮೊಟ್ಟೆ. ರಾತ್ರಿ ಊಟ ಎಂಟಕ್ಕೆ, ಅಂಗಡಿಯಲ್ಲೇ, ಬುತ್ತಿ ಕಟ್ಟಿ. ಗೋಳಿಬಜೆಗೆ ಹಸಿವೇ ಉಳಿಯಲಿಲ್ಲ.

ತೂಕದ ಮೆಷಿನ್ ಅಟ್ಟಕ್ಕೆ ಹೋಯ್ತು. ಆದಿತ್ಯವಾರ ಬೆಳಿಗ್ಗೆ ಮಾತ್ರ ಕೆಳಗೆ. ಅದರ ಜೊತೆಗೆ ನನ್ನದೇ ಸಾಮಾನು, ಟೇಪು. ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಹೆಸರು ಬರೆದೆ. ಇದರಲ್ಲೂ ಮೋಸಕ್ಕೆ ದಾರಿ ಉಂಟು, ನಾನು ಬಲ್ಲೆ. ಹಳೆಯ ಬಟ್ಟೆಯ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ, ಅದು ಸೊಂಟ ಕಡಿಮೆ ಅಂತಲೇ ಹೇಳುತ್ತದೆ. ಹೊಸದು ತೆಗೆದೆ. ಗಿರಾಕಿಗೆ ಅಳೆಯುವಾಗ ಟೇಪಿನೊಳಗೆ ಒಂದು ಬೆರಳು ಬಿಡುತ್ತೇವೆ, ನನಗೆ ಬೆರಳಿಲ್ಲ. ಹೊಕ್ಕುಳದ ನೇರಕ್ಕೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆಯದೆ. ಮೊದಲ ಆದಿತ್ಯವಾರ 38½. ಅಂದರೆ ಮೇ ಕೊನೆಯಿಂದ ಅಲ್ಲಿಯವರೆಗಿನ ಐದು ವಾರ ಟೇಪೂ ಇಳಿದಿರಲಿಲ್ಲ, ನಿಜವಾಗಿಯೇ ನಿಂತಿದ್ದೆ. ಅದು ಗೊತ್ತಾದದ್ದೇ ಒಂದು ಸಮಾಧಾನ.

ಮುಂದಿನ ನಾಲ್ಕು ವಾರ ತೂಕ ಆಚೀಚೆ ಆಡುತ್ತಾ 82.6ರ ಸುತ್ತಲೇ ಇತ್ತು. ಟೇಪು 38¼ ಆಯ್ತು, 38, ಆಮೇಲೆ 37¾. ಬೇರೆಯವರಿಗೆ ಮುಕ್ಕಾಲು ಇಂಚು ಏನೂ ಅಲ್ಲ. ಟೈಲರ್‌ಗೆ ಮುಕ್ಕಾಲು ಇಂಚು ಅಂದರೆ ಸೊಂಟಪಟ್ಟಿ ಬಿಚ್ಚುವ ಕೆಲಸ. ಒಂದು ಮಳೆಯ ಮಧ್ಯಾಹ್ನ ಗಿರಾಕಿ ಇಲ್ಲದಾಗ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ, ಚಾಕ್‌ಪೀಸಿನಿಂದ ಹೊಸ ಗೆರೆ ಎಳೆದು ಹೊಲಿದೆ. ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಮೂರು ಗೆರೆ ಕಾಣುತ್ತಿದ್ದವು: 41, 40, 38½. ತೂಕದ ಮೆಷಿನ್ ನನಗೆ ಯಾವತ್ತೂ ಇದನ್ನು ತೋರಿಸಿರಲಿಲ್ಲ. ಆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಡಿಗೆಗೆ ಮಳೆಯಲ್ಲಿ ಬೇರೆ ದಾರಿ ಇರಲಿಲ್ಲ. ಸ್ಕೂಟರ್ ಮನೆಯಲ್ಲೇ ಬಿಟ್ಟು, ಕೊಡೆ ಹಿಡಿದು ಅಂಬಲಪಾಡಿಯಿಂದ ಅಂಗಡಿಗೆ ನಡೆದು ಬಂದೆ, ನಡೆದೇ ಹೋದೆ. ಚಪ್ಪಲಿ ಎರಡು ಜೊತೆ ಹೋಯಿತು. ಕಟಿಂಗ್, ಇಸ್ತ್ರಿ, ಗುಂಡಿ ಹಾಕುವುದು ಎಲ್ಲ ನಿಂತೇ.

ಆಗಸ್ಟಿನಲ್ಲಿ ಬೋಟು ಇಳಿದು ತಾಜಾ ಬಂಗುಡೆ ಬಂತು. ಎರಡನೇ ಆದಿತ್ಯವಾರ 81.7. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಮೆಷಿನ್ ನೋಡಲಿಲ್ಲ, "ಪ್ಯಾಂಟು ಜಾರ್ತಾ ಉಂಟು, ಮೊದಲು ಬೆಲ್ಟ್ ಹಾಕಿ" ಅಂದಳು. ಅಷ್ಟಮಿ ಹೊತ್ತಿಗೆ 80.2. ಉಂಡೆ, ಚಕ್ಕುಲಿ ಮನಸ್ಸಿಟ್ಟು ತಿಂದೆ. ಮರುದಿನ 81.3, ಅಷ್ಟಮಿಯ ನೆಪದಲ್ಲಿ ನಿಯಮ ಮುರಿದು ಮೆಷಿನ್ ಹತ್ತಿದ್ದಕ್ಕೆ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ಅಷ್ಟು ಚಕ್ಕುಲಿ ನಮ್ಮ ಡಬ್ಬದಲ್ಲೇ ಇರಲಿಲ್ಲ. ನಾಲ್ಕು ದಿನದಲ್ಲಿ ನೀರು ಬಂದ ಹಾಗೆಯೇ ಹೋಯ್ತು.

ಈಗ 77.8. ಮೂರು ವಾರದಿಂದ ಪುನಃ ನಿಂತಿದೆ, ಟೇಪು 36¼ರಲ್ಲಿ. ಸಿಟ್ಟು ಬರುವುದಿಲ್ಲ ಅಂದರೆ ಸುಳ್ಳಾಗುತ್ತದೆ. ನಿನ್ನೆ ಬಟ್ಟಲು ತೂಗಿದೆ: 171. ಗುಡ್ಡ ಪುನಃ ಚಿಗುರಿದೆ.

ಆ ಹಳೆಯ ಪ್ಯಾಂಟನ್ನು ಇನ್ನು ಬಿಚ್ಚಿ ಪ್ರಯೋಜನವಿಲ್ಲ. ಒಳಗೆ ತೆಗೆದು ತೆಗೆದು ಹಿಂದಿನ ಎರಡು ಜೇಬು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿವೆ, ಮೊನ್ನೆ ನನ್ನ ಹುಡುಗನೇ ನಕ್ಕ. ಹೊಸದಕ್ಕೆ ಬಟ್ಟೆ ತಂದಿಟ್ಟು ತಿಂಗಳಾಯ್ತು, ಇನ್ನೂ ಕತ್ತರಿ ಹಾಕಿಲ್ಲ. ಮೂವತ್ತೈದೂವರೆ ಬರಲಿ ಅಂತ ಕಾಯುವುದಲ್ಲ. ಮದುವೆ ಸೀಸನ್, ಗಿರಾಕಿಗಳ ಕೆಲಸ ಮುಗಿಯದೆ ನನ್ನ ಸರದಿ ಬರುವುದಿಲ್ಲ.