ಹೊಸಬರಿಗೆ ಮಾರ್ಗದರ್ಶಿ: ಬ್ರಿಟನ್ನಿನಲ್ಲಿ ಮನೆಗೆ ಬ್ರಾಡ್‌ಬ್ಯಾಂಡ್

ಬ್ರಿಟನ್ನಿಗೆ ಬಂದಿಳಿದ ವಾರದಲ್ಲೇ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳುವುದು ಎರಡು ಪ್ರಶ್ನೆ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಯಾವ ಬ್ರಾಡ್‌ಬ್ಯಾಂಡ್ ಒಳ್ಳೆಯದು. ಅಕ್ಕಿ ಅಂಗಡಿಗಳ ಪಟ್ಟಿ ಬೇರೆ ಇದೆ. ಎರಡನೆಯದಕ್ಕೆ ನನ್ನ ಉತ್ತರ ಇಷ್ಟೇ: ಯಾವುದನ್ನಾದರೂ ಹಾಕಿಸಿ, ಆದರೆ ಮೊದಲ ಬಾಡಿಗೆ ಮನೆಯಲ್ಲಿ 24 ತಿಂಗಳ ಕಾಂಟ್ರ್ಯಾಕ್ಟ್ ಮಾತ್ರ ಬೇಡ.

ನಾವು ಮಾಡಿದ ಎಡವಟ್ಟು

ಬೆಂಗಳೂರಿನಲ್ಲಿ ಏನು ಮಾಡುತ್ತಿದ್ದಿರಿ? ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ ಸಂಜೆಗೆ ಬಂದು, ಪಕ್ಕದ ಮನೆ ತಾರಸಿಯಿಂದ ವೈರ್ ಎಳೆದು ಕೊಟ್ಟು ಹೋಗುತ್ತಿದ್ದ. ಬೇಡ ಅನಿಸಿದರೆ ಮುಂದಿನ ತಿಂಗಳು ರೀಚಾರ್ಜ್ ಮಾಡದಿದ್ದರೆ ಆಯಿತು. ನಾವೂ ಅದೇ ಲೆಕ್ಕದಲ್ಲಿ ಇದ್ದೆವು. ತಿಂಗಳಿಗೆ ನಾಲ್ಕು ಪೌಂಡ್ ಕಡಿಮೆ ಅಂತ ಎರಡು ವರ್ಷದ್ದಕ್ಕೆ ಒಪ್ಪಿದೆವು. ಎಂಟನೇ ತಿಂಗಳಿಗೆ ಮನೆ ಮಾಲೀಕರು ಮನೆ ಮಾರುತ್ತೇವೆ, ಖಾಲಿ ಮಾಡಿ ಅಂದರು. ಮೂರು ಮೈಲಿ ಆಚೆ ಮನೆ ಸಿಕ್ಕಿತು, ಆದರೆ ಆ ಬೀದಿಗೆ ನಮ್ಮ ಕಂಪನಿಯ ಲೈನೇ ಇಲ್ಲ! ಅವರು ಕೊಡೋಕಾಗದ ಸೇವೆಗೆ ನಾವ್ಯಾಕೆ ದುಡ್ಡು ಕೊಡಬೇಕು ಅಂತ ನನ್ನವರು ಮುಕ್ಕಾಲು ಗಂಟೆ ಫೋನಿನಲ್ಲಿ ವಾದ ಮಾಡಿದರು. ಆ ಕಡೆಯಾಕೆ ತುಂಬಾ ಮರ್ಯಾದೆಯಿಂದ, ಮನೆ ಬಿಟ್ಟಿದ್ದು ನೀವು ತಾನೇ, ಅಂದಳು. ಸುಮಾರು 300 ಪೌಂಡ್ ಹೋಯಿತು. ಅದನ್ನು ರೂಪಾಯಿಗೆ ಗುಣಿಸಿ ನೋಡಿದ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಆದ್ದರಿಂದ ಆ ಮನೆಯಲ್ಲಿ ಎಷ್ಟು ತಿಂಗಳು ಇರುವುದು ಖಚಿತವೋ, ಇಂಟರ್ನೆಟ್ಟೂ ಅಷ್ಟಕ್ಕೇ ಇರಲಿ. ಒಂದೊಂದೇ ತಿಂಗಳ ರೋಲಿಂಗ್ ಪ್ಲಾನ್ ಸ್ವಲ್ಪ ದುಬಾರಿ, ಆದರೆ ನೆಮ್ಮದಿ. ಹೊಸದಾಗಿ ಬಂದವರಿಗೆ ಇಲ್ಲಿ ಕ್ರೆಡಿಟ್ ಹಿಸ್ಟರಿ (ಸಾಲ, ಬಿಲ್ ಸರಿಯಾಗಿ ಕಟ್ಟಿದ ದಾಖಲೆ) ಇರುವುದಿಲ್ಲ, ಹಾಗಾಗಿ ಕೆಲವು ಕಂಪನಿಗಳು ಅರ್ಜಿಯನ್ನೇ ತಳ್ಳಿಹಾಕುತ್ತವೆ. ಅವಮಾನ ಅಂದುಕೊಳ್ಳಬೇಡಿ, ಬೆಂಗಳೂರಿನ ನಿಮ್ಮ ಸಂಬಳದ ಚೀಟಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಆ ದಾಖಲೆ ಬೆಳೆಯುವವರೆಗೆ ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಸಾಕು, ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು.

ಫೈಬರ್ ಅಂದರೆ ಯಾವ ಫೈಬರ್?

ಇಲ್ಲಿ 2000ದಲ್ಲಿ ಬಿಟಿಯ ಬ್ರಾಡ್‌ಬ್ಯಾಂಡ್ ಶುರುವಾದಾಗ ಅದು ಬಂದಿದ್ದು ಹಳೆಯ ತಾಮ್ರದ ಫೋನ್ ವೈರಿನಲ್ಲೇ. ಆ ಜಾಲವನ್ನು 2006ರಿಂದ ಬಿಟಿ ಗುಂಪಿನದೇ ಆದ ಓಪನ್‌ರೀಚ್ ನೋಡಿಕೊಳ್ಳುತ್ತಿದೆ. ಬಿಟಿ, ಸ್ಕೈ, ಟಾಕ್‌ಟಾಕ್, ಪ್ಲಸ್‌ನೆಟ್, ವೋಡಫೋನ್ ಎಲ್ಲವೂ ಬಹುಪಾಲು ಅದರ ಮೇಲೇ ಓಡುತ್ತವೆ. ಆದ್ದರಿಂದ ಇವುಗಳಲ್ಲಿ ಯಾವುದು ಫಾಸ್ಟ್ ಅಂತ ಗುಂಪಿನಲ್ಲಿ ಜಗಳ ಆಡಬೇಡಿ, ದಯವಿಟ್ಟು. ವ್ಯತ್ಯಾಸ ಇರುವುದು ಬೆಲೆಯಲ್ಲಿ, ಫೋನ್ ಎತ್ತುವವರಲ್ಲಿ. ವರ್ಜಿನ್ ಮೀಡಿಯಾಗೆ ತನ್ನದೇ ಕೇಬಲ್ ಇದೆ. ಸಿಟಿಫೈಬರ್ ಜಾಲ ಬೇರೆ, ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಹೈಪರ್‌ಆಪ್ಟಿಕ್, ಲಂಡನ್ನಿನಲ್ಲಿ ಕಮ್ಯುನಿಟಿ ಫೈಬರ್.

ಮನೆ ಹೊರಗೆ ಬೀದಿಯಲ್ಲಿ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ ನೋಡಿದ್ದೀರಾ? ಎಫ್‌ಟಿಟಿಸಿ ಅಂದರೆ ಫೈಬರ್ ಅಲ್ಲಿಯವರೆಗೆ ಮಾತ್ರ, ಅಲ್ಲಿಂದ ಮನೆಗೆ ಅದೇ ಹಳೇ ತಾಮ್ರ. ಸ್ಪೀಡ್ ಹೆಚ್ಚೆಂದರೆ 80 ಎಂಬಿಪಿಎಸ್, ಪೆಟ್ಟಿಗೆ ದೂರ ಇದ್ದಷ್ಟೂ ಕಡಿಮೆ. ಅಪ್‌ಲೋಡ್, ಅಂದರೆ ನಮ್ಮಿಂದ ಆಚೆ ಹೋಗುವ ಸ್ಪೀಡ್, 20 ದಾಟುವುದಿಲ್ಲ. ಮನೆ ಒಳಗಿನವರೆಗೂ ಫೈಬರ್ ಬರುವುದು ಎಫ್‌ಟಿಟಿಪಿ, ಅಂದರೆ ಫುಲ್ ಫೈಬರ್. 2020ರಲ್ಲಿ ಅದು 100ರಲ್ಲಿ 18 ಮನೆಗೆ ಸಿಗುತ್ತಿತ್ತು, 2024ಕ್ಕೆ 69 ಮನೆಗೆ. ಇಷ್ಟು ಬೇಗ ಬೆಳೆದರೂ ಎದುರು ಮನೆಗೆ ಇದ್ದು ನಿಮಗೆ ಇಲ್ಲದಿರಬಹುದು. ಪೋಸ್ಟ್‌ಕೋಡ್ ಒಂದನ್ನೇ ನೋಡಿ ನಿರ್ಧರಿಸಬೇಡಿ, ಕಂಪನಿಯ ವೆಬ್‌ಸೈಟಿನಲ್ಲಿ ಮನೆ ನಂಬರ್ ಹಾಕಿ ನೋಡಿ. ಮನೆ ಒಪ್ಪಿಕೊಳ್ಳುವ ಮುಂಚೆಯೇ ನೋಡಿದರೆ ಇನ್ನೂ ಜಾಣತನ. ಗೋಡೆಗೆ ತೂತು ಕೊರೆಯಬೇಕಾದರೆ ಮಾಲೀಕರ ಒಪ್ಪಿಗೆ ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ಎಲ್ಲರೂ ಡೌನ್‌ಲೋಡ್ ಸ್ಪೀಡ್ ಮಾತ್ರ ನೋಡುತ್ತಾರೆ. ಬೆಂಗಳೂರಿನ ಟೀಮಿನ ಜೊತೆ ಬೆಳಗ್ಗೆ ಮೀಟಿಂಗ್, ಆಮೇಲೆ ಮೊಮ್ಮಗು ಮುಖ ತೋರಿಸು ಅಂತ ಅಜ್ಜಿಯ ವಿಡಿಯೋ ಕಾಲ್, ಇದಕ್ಕೆಲ್ಲ ಬೇಕಾಗಿರುವುದು ಅಪ್‌ಲೋಡ್. ನಾಲ್ಕು ಜನರ ಮನೆಗೆ ಸುಮ್ನೆ 900 ಎಂಬಿಪಿಎಸ್ ಪ್ಲಾನ್ ತೆಗೆದುಕೊಳ್ಳಬೇಡಿ, ಫುಲ್ ಫೈಬರ್ ಇದ್ದರೆ 100–150 ಧಾರಾಳ ಸಾಕು.

ಕೇಳಿ ಪಡೆಯಬೇಕಾದದ್ದು

- ಫೋನಿನಲ್ಲೋ ಆನ್‌ಲೈನಿನಲ್ಲೋ ಮಾಡಿಕೊಂಡ ಕಾಂಟ್ರ್ಯಾಕ್ಟನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕು.
- ಮಧ್ಯದಲ್ಲಿ ಬೆಲೆ ಏರಿಸುವುದಿದ್ದರೆ ಎಷ್ಟು ಪೌಂಡ್, ಎಷ್ಟು ಪೆನ್ಸ್ ಅಂತ ಮೊದಲೇ ಹೇಳಬೇಕು. 17 ಜನವರಿ 2025ರಿಂದ ಹೊಸ ಕಾಂಟ್ರ್ಯಾಕ್ಟುಗಳಿಗೆ ಇದು ಆಫ್‌ಕಾಮ್ (ಇಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ) ನಿಯಮ.
- ಕಂಪನಿ ಬದಲಾಯಿಸುವಾಗ ಹೊಸ ಕಂಪನಿಗೆ ಮಾತ್ರ ಹೇಳಿದರೆ ಸಾಕು (ಸೆಪ್ಟೆಂಬರ್ 2024ರಿಂದ).
- ಲೈನ್ ಹೋಗಿದೆ ಅಂತ ತಿಳಿಸಿ ಎರಡು ಪೂರ್ತಿ ಕೆಲಸದ ದಿನ ಕಳೆದರೂ ಸರಿಯಾಗದಿದ್ದರೆ, ಎಂಜಿನಿಯರ್ ಬರುತ್ತೇನೆಂದು ಬರದಿದ್ದರೆ, ದೊಡ್ಡ ಕಂಪನಿಗಳು ತಾವಾಗಿಯೇ ಪರಿಹಾರ ಕೊಡುತ್ತವೆ. ಬಿಲ್ ನೋಡಿ.
- ಕನಿಷ್ಠ ಗ್ಯಾರಂಟಿ ಸ್ಪೀಡ್ ಎಷ್ಟು ಅಂತ ಬರಹದಲ್ಲಿ.

ಸೋಷಿಯಲ್ ಟ್ಯಾರಿಫ್ ಅಂತ ಅಗ್ಗದ ಪ್ಲಾನ್ ಕಾಣಿಸುತ್ತದೆ. ಅದು ಯೂನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ನೆರವು ಪಡೆಯುವವರಿಗೆ. ವರ್ಕ್ ವೀಸಾದವರು ಆ ಕಡೆ ಹೋಗಬೇಡಿ.

ಚೌಕಾಸಿ

ಅವೆನ್ಯೂ ರಸ್ತೆಯಲ್ಲಿ ಹತ್ತು ರೂಪಾಯಿಗೆ ಅರ್ಧ ಗಂಟೆ ನಿಲ್ಲುವ ನಮ್ಮ ಜನ ಇಲ್ಲಿಗೆ ಬಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ, ಅದೇ ನನಗೆ ಅರ್ಥವಾಗದ್ದು! ಕಾಂಟ್ರ್ಯಾಕ್ಟ್ ಮುಗಿಯುತ್ತಿದೆ ಅಂತ ಕಂಪನಿಯೇ ಪತ್ರ ಕಳಿಸಬೇಕು. ಅದನ್ನು ಓದದೆ ಬಿಟ್ಟರೆ ಬೆಲೆ ಸದ್ದಿಲ್ಲದೆ ಏರುತ್ತದೆ. ಬೇರೆಯವರ ಬೆಲೆ ಎದುರಿಗೆ ಇಟ್ಟುಕೊಂಡು ಫೋನ್ ಮಾಡಿ, ಬಿಡುತ್ತೇನೆ ಅನ್ನಿ, ಆಮೇಲೆ ಸುಮ್ಮನಿರಿ. ಕಳೆದ ಸಲ ನಾನು ಹಾಗೆ ಸುಮ್ಮನಿದ್ದಾಗ ಹನ್ನೊಂದು ಪೌಂಡ್ ಇಳಿಯಿತು.

ಇನ್ನುಳಿದದ್ದು

ರೂಟರನ್ನು ಟಿವಿ ಹಿಂದೆ, ಮೈಕ್ರೋವೇವ್ ಪಕ್ಕ, ಸ್ಟೀಲ್ ಡಬ್ಬಿಗಳ ನಡುವೆ ಇಡಬೇಡಿ. ಸ್ಪೀಡ್ ಬರುತ್ತಿಲ್ಲ ಅಂತ ದೂರು ಹೇಳಿದ ಒಂದು ಮನೆಗೆ ಹೋಗಿ ನೋಡಿದರೆ ಅದು ಅಕ್ಕಿ ಡ್ರಮ್ಮಿನ ಹಿಂದಿತ್ತು. ಇಂಟರ್ನೆಟ್ ಕಟ್ ಮಾಡುತ್ತೇವೆ ಅಂತ ಮೋಸದ ಫೋನ್ ಬಂದರೆ ಇಟ್ಟುಬಿಡಿ, ಅಂಥ ಮೆಸೇಜ್ ಬಂದರೆ ದೂರು ಕೊಡುವ ನಂಬರ್ 7726ಕ್ಕೆ ಕಳಿಸಿ. ನಮ್ಮ ಬಳಗದ ಭಾನುವಾರದ ಆನ್‌ಲೈನ್ ಕನ್ನಡ ತರಗತಿಗೆ ನೆಟ್ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ, ಫೋನಿನ ಹಾಟ್‌ಸ್ಪಾಟ್ ಸಾಕು. ಬಿಡುವಾಗ ರೂಟರ್ ವಾಪಸ್ ಕೇಳಿದರೆ ಪೋಸ್ಟ್ ಮಾಡಿದ ರಸೀದಿಯನ್ನು ಜೋಪಾನ ಮಾಡಿ. ಬಂದೇ ಇಲ್ಲ ಅಂತ ಎರಡು ತಿಂಗಳಾದ ಮೇಲೂ ಬಿಲ್ ಬರುತ್ತದೆ.